ಗೇಟು ಹೋಯಿತು, ಡ್ಯಾಂ ಹೋಗಲಿಲ್ಲ: ‘ಡಿಸ್ಟ್ರಾಯ್’ ಎಂಬ ಪದದ ಅಳತೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ಕಡಿದುಕೊಂಡು ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ನಮ್ಮ ಓಣಿಯ ಮೊಬೈಲುಗಳಲ್ಲಿ ಇಂಗ್ಲಿಷಿನ ಒಂದು ಸಂದೇಶ ಓಡಾಡುತ್ತಿತ್ತು: ‘ಟಿ.ಬಿ. ಡ್ಯಾಂ ಡಿಸ್ಟ್ರಾಯ್ಡ್’. ಪಕ್ಕದ ಮನೆಯ ಕಾಕಾ ಮೊಬೈಲನ್ನು ನನ್ನ ಕೈಗಿಟ್ಟು, ‘ಇದರ ಅರ್ಥ ಏನಪ್ಪಾ?’ ಎಂದು ಕೇಳಿದರು. ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ನಾಟಿ ಮಾಡಿಸಿ ಅವರಿಗೆ ವಾರವೂ ಆಗಿರಲಿಲ್ಲ. ನಾನು ಶಾಲೆಯಲ್ಲಿ ಕಲಿತದ್ದನ್ನೇ ಹೇಳಿದೆ: ‘ಡಿಸ್ಟ್ರಾಯ್ ಅಂದರೆ ನಾಶ ಕಾಕಾ.’ ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು.

ನಾನು ಹೇಳಿದ ಅರ್ಥ ಸರಿಯಾಗಿತ್ತು. ತಪ್ಪಿದ್ದು ಸಂದೇಶದಲ್ಲಿ. ಮೂವತ್ತಮೂರು ಗೇಟುಗಳ ಪೈಕಿ ಒಂದು ಹೋಗಿತ್ತು, ಅಷ್ಟೇ. ಕಲ್ಲಿನ ಕಟ್ಟೆ ಕದಲಿರಲಿಲ್ಲ. ಹೋದ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಎಂಬ ಉಕ್ಕಿನ ಅಡ್ಡ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು. ಆ ಕೆಲಸದ ಮುಂದಾಳತ್ವ ವಹಿಸಿದ ಕನ್ನಯ್ಯ ನಾಯ್ಡು ಅವರ ಹೆಸರು ಗಂಗಾವತಿಯಿಂದ ಮಾನ್ವಿಯವರೆಗೆ ಮನೆಮಾತಾಯಿತು. ಆದರೆ ಆ ಒಂದು ಇಂಗ್ಲಿಷ್ ಪದ ಒಂದು ಬೆಳಗಿನ ಮಟ್ಟಿಗೆ ಇಡೀ ಡ್ಯಾಮನ್ನೇ ಕೆಡವಿಹಾಕಿತ್ತು.

ಇಂಗ್ಲಿಷಿನಲ್ಲಿ ಹಾಳಾಗುವುದನ್ನು ಹೇಳಲು ಹತ್ತಾರು ಪದಗಳಿವೆ. ಡಿಸ್ಟ್ರಾಯ್, ಡ್ಯಾಮೇಜ್, ಡೆಮಾಲಿಷ್, ರೂಯಿನ್, ಡೆವಸ್ಟೇಟ್, ಹ್ಯಾವಕ್. ನಾವು ಎಲ್ಲಕ್ಕೂ ‘ನಾಶ’ ಎಂಬ ಒಂದೇ ಮುದ್ರೆ ಒತ್ತುತ್ತೇವೆ. ಈ ಪದಗಳನ್ನು ಬೇರ್ಪಡಿಸಲು ಎರಡು ಪ್ರಶ್ನೆ ಸಾಕು: ಎಷ್ಟು ಉಳಿದಿದೆ? ಮಾಡಿದ್ದು ಯಾರು?

ಪೇರಿಸಿದ್ದನ್ನು ಇಳಿಸುವುದು

‘ಡಿಸ್ಟ್ರಾಯ್’ ಇಂಗ್ಲಿಷಿನ ಸ್ವಂತ ಪದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಹಿಂಡುಹಿಂಡಾಗಿ ಅಲ್ಲಿಗೆ ಹೋದವು. ಅವುಗಳಲ್ಲಿ ಇದೂ ಒಂದು. ಫ್ರೆಂಚಿಗೆ ಬಂದದ್ದು ಲ್ಯಾಟಿನ್ನಿನ ‘ಸ್ಟ್ರುಎರೆ’ ಎಂಬ ಕ್ರಿಯಾಪದದಿಂದ. ಅದರ ಅರ್ಥ ಒಂದರ ಮೇಲೊಂದು ಪೇರಿಸು, ಕಟ್ಟು. ಅದರ ಮುಂದೆ ‘ಡೆ’ ಸೇರಿದರೆ ಪೇರಿಸಿದ್ದನ್ನು ಇಳಿಸು, ಕಟ್ಟಿದ್ದನ್ನು ಬಿಚ್ಚು.

ಅದೇ ಬೇರಿನಿಂದ ‘ಸ್ಟ್ರಕ್ಚರ್’ ಬಂತು, ಅಂದರೆ ಕಟ್ಟಡ. ‘ಕನ್‌ಸ್ಟ್ರಕ್ಷನ್’ ಬಂತು, ಕಟ್ಟುವ ಕೆಲಸ. ‘ಇನ್‌ಸ್ಟ್ರಕ್ಷನ್’ ಕೂಡ ಇದೇ ಮನೆಯದು. ತಲೆಯೊಳಗೆ ತಿಳಿವಳಿಕೆಯನ್ನು ಪೇರಿಸುವುದು ಎಂದು ಅದನ್ನು ಬಿಡಿಸಬಹುದು. ಹೊಲದ ಬದುವಿಗೆ ಕಲ್ಲು ಪೇರಿಸಿದವರಿಗೆ ಈ ಪದದ ಒಳಗುಟ್ಟು ತಟ್ಟನೆ ಹೊಳೆಯುತ್ತದೆ. ಬದುವಿನಿಂದ ನಾಲ್ಕು ಕಲ್ಲು ಉರುಳಿದರೆ ಅದು ‘ಡಿಸ್ಟ್ರಾಯ್’ ಅಲ್ಲ. ಮಳೆ ನೀರು ನುಗ್ಗಿ, ಅಲ್ಲಿ ಬದು ಇತ್ತು ಎಂಬ ಗುರುತೇ ಉಳಿಯದಿದ್ದರೆ ಡಿಸ್ಟ್ರಾಯ್. ರಿಪೇರಿ ಮಾಡಲಾಗದು, ಹೊಸದಾಗಿಯೇ ಕಟ್ಟಬೇಕು ಎಂಬ ಹಂತ ಮುಟ್ಟಿದಾಗ ಮಾತ್ರ ಈ ಪದ ಸಲ್ಲುತ್ತದೆ.

ಹಾಗಾಗಿಯೇ ‘ಟೋಟಲಿ ಡಿಸ್ಟ್ರಾಯ್ಡ್’ ಎನ್ನುವುದು ಸತ್ತವನನ್ನು ಪೂರ್ತಿ ಸತ್ತ ಎಂದಂತೆ ಎಂದು ಇಂಗ್ಲಿಷ್ ವ್ಯಾಕರಣದ ಮೇಷ್ಟ್ರುಗಳು ಗೊಣಗುತ್ತಾರೆ. ಪತ್ರಿಕೆಗಳು ಅದನ್ನು ಲೆಕ್ಕಿಸುವುದಿಲ್ಲ. ಬೆಂಕಿ ಬಿದ್ದ ಮನೆಯೆಲ್ಲ ಅವುಗಳಿಗೆ ‘ಟೋಟಲಿ’ಯೇ.

ಡ್ಯಾಮೇಜ್: ಲೆಕ್ಕಕ್ಕೆ ಸಿಗುವ ಪೆಟ್ಟು

‘ಡ್ಯಾಮೇಜ್’ ಎಂದರೆ ಪೆಟ್ಟು ಬಿದ್ದಿದೆ, ವಸ್ತು ಇನ್ನೂ ಇದೆ. ಅದರ ಮುಂದೆ ಯಾವ ಅಳತೆ ಬೇಕಾದರೂ ಸೇರಿಸಬಹುದು: ಸ್ವಲ್ಪ, ಅರ್ಧ, ಬಹಳ. ಬಸ್ಸಿನ ಗಾಜು ಒಡೆದರೆ ಡ್ಯಾಮೇಜ್. ಬಸ್ಸು ಸುಟ್ಟು ಬರೀ ಕಬ್ಬಿಣದ ಹಂದರ ಉಳಿದರೆ ಡಿಸ್ಟ್ರಾಯ್. ಲ್ಯಾಟಿನ್ನಿನಲ್ಲಿ ಇದರ ಮೂಲಪದ ‘ಡಾಮ್ನುಮ್’. ಅದಕ್ಕೆ ನಷ್ಟ ಎಂಬ ಅರ್ಥವೂ ಇತ್ತು, ದಂಡ ಎಂಬ ಅರ್ಥವೂ ಇತ್ತು. ಆ ದಂಡದ ನೆನಪು ಇಂಗ್ಲಿಷಿನ ಬಹುವಚನದಲ್ಲಿ ಈಗಲೂ ಉಳಿದಿದೆ. ಕೋರ್ಟಿನ ಕಾಗದದಲ್ಲಿ ‘ಡ್ಯಾಮೇಜಸ್’ ಎಂದು ಕಂಡರೆ ಅದು ಹಾನಿಗಳ ಪಟ್ಟಿಯಲ್ಲ. ಹಾನಿ ಮಾಡಿದವನು ತೆರಬೇಕಾದ ಪರಿಹಾರದ ಹಣ. ಒಂದು ‘ಸ್’ ಸೇರಿದ್ದಕ್ಕೆ ಹಾನಿ ಹೋಗಿ ಹಣ ಬರುತ್ತದೆ. ವಕೀಲರ ನೋಟಿಸು ಓದುವಾಗ ಹಲವರು ಎಡವುವುದು ಇಲ್ಲೇ.

ನಮ್ಮ ಸೀಮೆಯವರಿಗೆ ಈ ಪದ ಹೆಚ್ಚು ಎದುರಾಗುವುದು ಮಳೆ ಹೆಚ್ಚಾದ ವರ್ಷ, ಪರಿಹಾರದ ಸಮೀಕ್ಷೆ ಬಂದಾಗ. ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಬೆಳೆ ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್‌ಪುಟ್ ಸಬ್ಸಿಡಿಗೆ, ಅಂದರೆ ಬೀಜ, ಗೊಬ್ಬರದಂಥ ಖರ್ಚಿನ ನೆರವಿಗೆ ಅರ್ಹತೆ. 2015ಕ್ಕೆ ಮುಂಚೆ ಈ ಗೆರೆ ಶೇ 50ರಲ್ಲಿತ್ತು. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಅದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುವುದುಂಟು. ಅಂದರೆ ಪರಿಹಾರಕ್ಕೆ ಬೆಳೆ ‘ನಾಶ’ವಾಗಿರಬೇಕಾಗಿಲ್ಲ, ಮೂರರಲ್ಲಿ ಒಂದು ಪಾಲು ಕೆಟ್ಟಿದ್ದರೂ ಸಾಕು. ‘ಪೂರ್ತಿ ಹೋಗಿಲ್ಲವಲ್ಲ, ಅರ್ಜಿ ಏಕೆ ಕೊಡಲಿ’ ಎಂದು ಸುಮ್ಮನಿದ್ದ ರೈತರನ್ನು ನಾನು ನೋಡಿದ್ದೇನೆ. ಅವರ ತಲೆಯಲ್ಲಿದ್ದದ್ದು ನಾಶ ಎಂಬ ಪದ, ನಿಯಮದಲ್ಲಿದ್ದದ್ದು ಹಾನಿ ಎಂಬ ಪದ.

ಕಾರಟಗಿ, ಸಿಂಧನೂರು ಕಡೆ ಕೊಯ್ಲಿಗೆ ಬಂದ ಭತ್ತದ ಮೇಲೆ ಗಾಳಿಮಳೆ ಬಿದ್ದರೆ ತೆನೆ ನೆಲಕಚ್ಚುತ್ತದೆ. ನೋಡಿದವರ ಹೊಟ್ಟೆ ಉರಿಯುತ್ತದೆ, ಆದರೆ ಚೈನ್ ಹಾರ್ವೆಸ್ಟರ್ ಇಳಿಸಿದರೆ ಒಂದಿಷ್ಟು ಕಾಳು ಸಿಗುತ್ತದೆ. ಅದು ಡ್ಯಾಮೇಜ್. 2021ರಲ್ಲಿ ಬಳ್ಳಾರಿ, ರಾಯಚೂರು ಸೀಮೆಯ ಮೆಣಸಿನಕಾಯಿಗೆ ಹೊಸ ಜಾತಿಯ ಥ್ರಿಪ್ಸ್ ಕೀಟ ಬಿತ್ತು. ಗಿಡ ನಿಂತೇ ಇತ್ತು, ಹೂವೆಲ್ಲ ಉದುರಿತು. ದೂರದಿಂದ ನೋಡಿದರೆ ಹೊಲ ಹಸಿರು, ಹತ್ತಿರ ಹೋದರೆ ಕಾಯಿಯಿಲ್ಲ. ಅಲ್ಲಿ ಗಿಡ ಡಿಸ್ಟ್ರಾಯ್ ಆಗಲಿಲ್ಲ, ಬೆಳೆ ‘ರೂಯಿನ್’ ಆಯಿತು. ಈ ರೂಯಿನ್ ಎಂಬುದನ್ನು ಹಂಪಿಗೆ ಹೋದಾಗ ಮತ್ತೆ ನೋಡೋಣ.

ಮನೆಯ ವಿಷಯದಲ್ಲಿ ಒಂದು ತಮಾಷೆಯಿದೆ. ನಮ್ಮ ಸರ್ಕಾರಿ ಇಂಗ್ಲಿಷಿನಲ್ಲಿ ‘ಫುಲ್ಲಿ ಡ್ಯಾಮೇಜ್ಡ್’ ಎಂಬ ಮಾತು ಹುಟ್ಟಿಕೊಂಡಿದೆ. ಡ್ಯಾಮೇಜ್ ಪೂರ್ತಿಯಾದರೆ ಅದು ಡಿಸ್ಟ್ರಾಯ್ ಆಗಲೇಬೇಕು ಎನ್ನುತ್ತದೆ ನಿಘಂಟು. ನಮ್ಮ ನಮೂನೆಗಳು ಎರಡನ್ನೂ ಅಕ್ಕಪಕ್ಕ ಕೂರಿಸಿ ಸಮಾಧಾನಪಟ್ಟುಕೊಳ್ಳುತ್ತವೆ. ಆದರೆ ಹಣದಲ್ಲಿ ತಮಾಷೆಯಿಲ್ಲ. ಅದೇ ಅವಧಿಯ ನಿಯಮದಂತೆ ಬಯಲು ಸೀಮೆಯಲ್ಲಿ ಪೂರ್ಣ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. ಒಂದು ಪದದಿಂದ ಇನ್ನೊಂದು ಪದಕ್ಕೆ ದಾಟಿದರೆ ಲಕ್ಷಕ್ಕೂ ಮೀರಿದ ಅಂತರ. ವಾಹನದ ವಿಮೆಯಲ್ಲೂ ಇಂಥದೇ ಗೆರೆ ಇದೆ. ರಿಪೇರಿಯ ಖರ್ಚು ವಾಹನದ ಘೋಷಿತ ಮೌಲ್ಯದ ಶೇ 75 ದಾಟಿದರೆ, ಗಾಡಿ ಕಣ್ಣೆದುರಿಗೇ ನಿಂತಿದ್ದರೂ ಕಾಗದದ ಮೇಲೆ ಅದು ‘ಟೋಟಲ್ ಲಾಸ್’.

ಹಾಗೆಯೇ ಹಾನಿ ಬೇರೆ, ನಷ್ಟ ಬೇರೆ. ಹಾನಿ ಆಗುವುದು ವಸ್ತುವಿಗೆ, ನಷ್ಟ ಆಗುವುದು ಒಡೆಯನಿಗೆ. ಇಂಗ್ಲಿಷಿನ ಡ್ಯಾಮೇಜ್ ಮತ್ತು ಲಾಸ್ ನಡುವೆಯೂ ಇದೇ ಗೆರೆ. ಭತ್ತ ಚೆನ್ನಾಗಿಯೇ ಬಂದು ದರ ಬಿದ್ದುಹೋದ ವರ್ಷ ರೈತನಿಗೆ ನಷ್ಟವಿದೆ, ಬೆಳೆಗೆ ಹಾನಿಯಿಲ್ಲ. ಆ ವರ್ಷ ಹಾನಿ ಸಮೀಕ್ಷೆಯವರು ಬರುವುದಿಲ್ಲ.

ಮಾಡಿದ್ದು ಯಾರು?

2009ರ ಜನವರಿಯಲ್ಲಿ ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಕಟ್ಟುತ್ತಿದ್ದ ಸೇತುವೆ ತುಂಗಭದ್ರೆಗೆ ಬಿತ್ತು. ಇಂಗ್ಲಿಷ್ ಪತ್ರಿಕೆಗಳು ಬಳಸಿದ ಪದ ‘ಕೊಲ್ಯಾಪ್ಸ್’, ಅಂದರೆ ಕುಸಿತ. ಕುಸಿಯುವುದು ತಾನಾಗಿ. ‘ಕುಸಿಯಿತು’ ಎನ್ನುವ ವಾಕ್ಯದಲ್ಲಿ ಕುಸಿಯಿಸಿದವನಿಗೆ ಜಾಗವೇ ಇಲ್ಲ.

2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಲಾಯಿತು. ಆಗ ಹಂಪಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಇಂಗ್ಲಿಷಿನಲ್ಲಿ ಅದು ‘ಡೆಮಾಲಿಷನ್’. ಇದರ ಮೂಲವೂ ಲ್ಯಾಟಿನ್ನಿನ ಕಟ್ಟುವ ಪದವೇ, ಆದರೆ ಇದರಲ್ಲಿ ಒಂದು ಕೈ, ಒಂದು ಉದ್ದೇಶ, ಬಹಳ ಸಲ ಒಂದು ಆದೇಶವೂ ಇರುತ್ತದೆ. ಕಚೇರಿಯ ಕನ್ನಡದಲ್ಲಿ ಅದೇ ಕೆಲಸಕ್ಕೆ ‘ತೆರವು’ ಎಂಬ ಪದ. ಸೂರು ಕಳೆದುಕೊಂಡವರು ಅದನ್ನು ‘ನಾಶ’ ಎಂದೇ ಹೇಳಿಯಾರು. ಕೆಡವಿದ ಗೋಡೆ ಅದೇ, ಪದ ಮಾತ್ರ ಬೇರೆ. ಯಾವ ಪದ ಬಂತು ಎಂಬುದನ್ನು ನೋಡಿದರೆ ಹೇಳುತ್ತಿರುವವರು ಗೋಡೆಯ ಯಾವ ಕಡೆ ನಿಂತಿದ್ದಾರೆ ಎಂಬುದು ತಿಳಿಯುತ್ತದೆ.

ಇನ್ನೊಂದು ‘ವ್ಯಾಂಡಲಿಸಂ’. ಕ್ರಿ.ಶ. 455ರಲ್ಲಿ ರೋಮನ್ನು ಸೂರೆ ಮಾಡಿದ ವ್ಯಾಂಡಲರೆಂಬ ಜನರ ಹೆಸರಿನಿಂದ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಆಂರಿ ಗ್ರೆಗ್ವಾರ್ ಎಂಬ ಪಾದ್ರಿ ಹುಟ್ಟಿಸಿದ ಪದ ಇದು. ಲಾಭವೂ ಇಲ್ಲದೆ, ಅಗತ್ಯವೂ ಇಲ್ಲದೆ ಕೆಡಿಸುವ ಚಟ ಎಂಬುದು ಇದರ ಅರ್ಥ. 2019ರಲ್ಲಿ ಹಂಪಿಯ ಕಲ್ಲುಕಂಬವನ್ನು ಯುವಕರು ತಳ್ಳಿ ಉರುಳಿಸಿದ ವಿಡಿಯೊ ಹರಿದಾಡಿದಾಗ ಎಲ್ಲೆಡೆ ಈ ಪದವೇ ಕೇಳಿಸಿತು. ನ್ಯಾಯಾಲಯ ಅವರಿಗೆ ದಂಡ ಹಾಕಿದ್ದಲ್ಲದೆ ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಎತ್ತಿ ನಿಲ್ಲಿಸಲು ಬಂತು ಎಂದರೆ ಅಲ್ಲೂ ಪೂರ್ತಿ ಡಿಸ್ಟ್ರಕ್ಷನ್ ಆಗಿರಲಿಲ್ಲ.

ಕಾನೂನು ಈ ವ್ಯತ್ಯಾಸಗಳನ್ನು ಎಷ್ಟು ಎಚ್ಚರದಿಂದ ಎಣಿಸುತ್ತದೆ ಎಂಬುದಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಮನ್ನು ನೋಡಬೇಕು. ಸಂರಕ್ಷಿತ ಸ್ಮಾರಕವನ್ನು ನಾಶಪಡಿಸುವುದು, ತೆಗೆದುಹಾಕುವುದು, ಘಾಸಿಗೊಳಿಸುವುದು, ಮಾರ್ಪಡಿಸುವುದು, ವಿರೂಪಗೊಳಿಸುವುದು, ಅಪಾಯಕ್ಕೆ ಒಡ್ಡುವುದು, ದುರ್ಬಳಕೆ ಮಾಡುವುದು ಎಂದು ಅದು ಏಳು ಕ್ರಿಯೆಗಳನ್ನು ಹೆಸರಿಸುತ್ತದೆ. ಎಲ್ಲಕ್ಕೂ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ನಾಶ’ ಎಂದಷ್ಟೇ ಬರೆದಿದ್ದರೆ, ಗೋಡೆಯ ಮೇಲೆ ಪ್ರೇಯಸಿಯ ಹೆಸರು ಕೆತ್ತಿದವನು ‘ಗೋಡೆ ಇನ್ನೂ ನಿಂತಿದೆಯಲ್ಲ ಸ್ವಾಮಿ’ ಎಂದು ನುಣುಚಿಕೊಳ್ಳುತ್ತಿದ್ದ. ‘ವಿರೂಪ’ ಎಂಬ ಪದ ಅವನಿಗಾಗಿಯೇ ಇದೆ.

ಹಾಳು ಹಂಪೆ, ಖರಾಬು ಜಮೀನು

‘ರೂಯಿನ್’ ಲ್ಯಾಟಿನ್ನಿನ ಬೀಳು ಎಂಬ ಕ್ರಿಯೆಯಿಂದ ಬಂದದ್ದು. ಬಹುವಚನದಲ್ಲಿ ‘ರೂಯಿನ್ಸ್’ ಎಂದರೆ ಬಿದ್ದ ಮೇಲೂ ಉಳಿದದ್ದು. ಪೂರ್ತಿ ನಾಶವಾದದ್ದಕ್ಕೆ ರೂಯಿನ್ಸ್ ಎನ್ನಲಾಗದು, ನೋಡಲು ಏನಾದರೂ ಇರಬೇಕು. ನಮ್ಮಲ್ಲಿ ಇದಕ್ಕೆ ಅಚ್ಚುಕಟ್ಟಾದ ಜೋಡಿಪದ ಮೊದಲಿನಿಂದಲೂ ಇದೆ: ಹಾಳು ಹಂಪೆ. ಎರಡೂ ಪದಗಳಿಗೆ ಒಂದೇ ಇತಿಹಾಸ. ಹಳಗನ್ನಡದ ‘ಪ’ಕಾರ ಮುಂದೆ ‘ಹ’ಕಾರವಾಯಿತು, ಪಾಲು ಹಾಲಾಯಿತು, ಪೊಲ ಹೊಲವಾಯಿತು. ಹಾಗೆಯೇ ಪಾಳು ಹಾಳಾಯಿತು, ಪಂಪೆ ಹಂಪೆಯಾಯಿತು. ಹಳೆಯ ರೂಪವೂ ಪೂರ್ತಿ ಸಾಯಲಿಲ್ಲ. ‘ಪಾಳುಬಾವಿ’, ‘ಪಾಳುಗುಡಿ’ ಎನ್ನುವಾಗ ಆ ಪಕಾರ ಇಣುಕುತ್ತದೆ.

ರೂಯಿನ್ ಕ್ರಿಯಾಪದವಾದಾಗ ಅದರ ತೂಕ ಇಳಿಯುತ್ತದೆ. ಮಳೆ ಜಾತ್ರೆಯನ್ನು ರೂಯಿನ್ ಮಾಡಿತು ಎಂದರೆ ಜಾತ್ರೆ ಕೆಟ್ಟಿತು ಎಂದಷ್ಟೇ. ತೇರೂ ಇದೆ, ಊರೂ ಇದೆ, ಸಡಗರ ಮಾತ್ರ ಹೋಯಿತು. ಮೆಣಸಿನಕಾಯಿಯ ಕಥೆಯೂ ಅದೇ.

‘ಡೆವಸ್ಟೇಟ್’ನ ಬೇರಿನಲ್ಲಿರುವ ಅರ್ಥ ಬರಿದು, ಖಾಲಿ. ವೇಸ್ಟ್ ಎಂಬ ಪದವೂ ಅದೇ ಬಳ್ಳಿಯದು. ಒಂದು ವಸ್ತುವಿಗಿಂತ ಒಂದು ಪ್ರದೇಶಕ್ಕೆ ಇದು ಹೆಚ್ಚು ಒಪ್ಪುತ್ತದೆ. ಪ್ರವಾಹ ಊರನ್ನು ಡೆವಸ್ಟೇಟ್ ಮಾಡುತ್ತದೆ, ಕುರ್ಚಿಯನ್ನಲ್ಲ. ಮನುಷ್ಯರಿಗೆ ಬಳಸಿದರೆ ದುಃಖದಿಂದ ಒಳಗೆಲ್ಲ ಬರಿದಾದರು ಎಂಬ ಅರ್ಥ.

ನಮ್ಮ ಪಹಣಿಯಲ್ಲಿ ಇದಕ್ಕೊಬ್ಬ ದೂರದ ನೆಂಟನಿದ್ದಾನೆ, ‘ಖರಾಬು’. ಅರಬ್ಬಿಯಲ್ಲಿ ಆ ಪದದ ಅರ್ಥವೇ ಹಾಳು, ಪಾಳು. ಕಂದಾಯದ ಭಾಷೆಯಲ್ಲಿ ಅದು ಸಾಗುವಳಿಗೆ ಬಾರದ ನೆಲವಾಯಿತು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆ ಖರಾಬು, ಲುಕ್ಸಾನು, ಬರಬಾದು ಬಾಯಲ್ಲಿ ಸಲೀಸಾಗಿ ಹೊರಳುತ್ತವೆ. ‘ಬರಬಾದು’ ಪಾರ್ಸಿಯಲ್ಲಿ ಅಕ್ಷರಶಃ ‘ಗಾಳಿಗೆ’ ಎಂದು. ಗಾಳಿಗೆ ತೂರಿದ್ದು ಮತ್ತೆ ಕೂಡುವುದಿಲ್ಲ, ಹಾಗಾಗಿ ಡಿಸ್ಟ್ರಾಯ್‌ಗೆ ಅದೇ ಹತ್ತಿರ. ಬಳ್ಳಾರಿ 1800ರಲ್ಲೇ ಇಂಗ್ಲಿಷರ ಕೈಸೇರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ನದಿಯ ಈಚೆ ದಡದವರು ಲುಕ್ಸಾನು ಎಂದದ್ದನ್ನೇ ಆಚೆ ದಡದವರು ಡ್ಯಾಮೇಜು ಎನ್ನುವುದನ್ನು ನಾನು ಒಂದೇ ಬಸ್ಸಿನಲ್ಲಿ ಕೇಳಿದ್ದೇನೆ.

ಎಡವುವ ಜಾಗಗಳು

‘ಹ್ಯಾವಕ್’ ಈಗ ಅಲ್ಲೋಲಕಲ್ಲೋಲ. ಮೊದಲು ಅದು ಸೈನಿಕರ ಕೂಗು: ಇನ್ನು ಕೊಳ್ಳೆ ಹೊಡೆಯಬಹುದು ಎಂಬ ಅಪ್ಪಣೆ. 1385ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್ ತನ್ನ ದಂಡಿನಲ್ಲಿ ಯಾರೂ ಮನಬಂದಂತೆ ಈ ಕೂಗು ಹಾಕಬಾರದೆಂದು ಕಟ್ಟಳೆ ಮಾಡಿದ್ದ. 1565ರಲ್ಲಿ ತಾಳಿಕೋಟೆಯ ಯುದ್ಧದ ನಂತರ ವಿಜಯನಗರದ ಬೀದಿಗಳಲ್ಲಿ ನಡೆದದ್ದಕ್ಕೆ ಈ ಪದದ ಹಳೆಯ ಅರ್ಥವೇ ಸರಿ ಹೊಂದುತ್ತದೆ.

‘ಡೆಸಿಮೇಟ್’ ಎಂದರೆ ಸರ್ವನಾಶ ಎಂದು ಬಹಳ ಜನ ತಿಳಿದಿದ್ದಾರೆ. ರೋಮನ್ ಸೈನ್ಯದಲ್ಲಿ ದಂಗೆಯೆದ್ದ ತುಕಡಿಯ ಹತ್ತು ಜನರಲ್ಲಿ ಒಬ್ಬನನ್ನು ಚೀಟಿ ಎತ್ತಿ ಕೊಲ್ಲಿಸುವ ಶಿಕ್ಷೆ ಅದು. ನಮ್ಮ ‘ದಶ’ದ ಬಳಗದ ಪದ. ಈಗಿನ ಬಳಕೆಯಲ್ಲಿ ಬಹುಪಾಲು ಅಳಿಯಿತು ಎಂಬ ಅರ್ಥ ನಿಂತಿದೆ, ಪೂರ್ತಿ ಅಳಿಯಿತು ಎಂದಲ್ಲ. ಪೂರ್ತಿಗೆ ‘ಅನೈಹಿಲೇಟ್’ ಇದೆ. ಅದರೊಳಗಿರುವುದು ‘ಏನೂ ಇಲ್ಲ’ ಎಂಬ ಲ್ಯಾಟಿನ್ ಪದ. ಕನ್ನಡದ ‘ನಿರ್ನಾಮ’ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಸ್ತು ಹೋಗಿದ್ದಷ್ಟೇ ಅಲ್ಲ, ಹೆಸರೂ ಹೋಯಿತು.

ಕಚೇರಿಯಲ್ಲಿ ‘ರೆಕಾರ್ಡ್ಸ್ ಡಿಸ್ಟ್ರಾಯ್ಡ್’ ಎಂದು ಕಂಡರೆ ಗಾಬರಿ ಬೇಡ. ಇಡಬೇಕಾದ ಅವಧಿ ಮುಗಿದ ಕಡತವನ್ನು ನಿಯಮದಂತೆ ವಿಲೇವಾರಿ ಮಾಡಿದ್ದಾರೆ ಎಂದರ್ಥ. ಅಬಕಾರಿಯವರು ಜಪ್ತಿ ಮಾಡಿದ ಮದ್ಯವನ್ನು ಸುರಿಯುವಾಗಲೂ ಇದೇ ಪದ. ಆದರೆ ‘ಡಿಸ್ಟ್ರಾಯಿಂಗ್ ಎವಿಡೆನ್ಸ್’ ಎಂದರೆ ಸಾಕ್ಷ್ಯನಾಶ, ಅದು ಅಪರಾಧ.

ಯಾರ ಪಾಲಾಯಿತು?

ಕನ್ನಡಕ್ಕೆ ಪದಗಳು ಕಡಿಮೆ ಎಂದುಕೊಳ್ಳಬೇಡಿ. ಇಂಗ್ಲಿಷು ಕೇಳದ ಒಂದು ಪ್ರಶ್ನೆಯನ್ನು ಕನ್ನಡ ಕೇಳುತ್ತದೆ: ಹೋದದ್ದು ಯಾರ ಪಾಲಾಯಿತು? ನೀರುಪಾಲು, ಮಣ್ಣುಪಾಲು, ಬೆಂಕಿಗೆ ಆಹುತಿ. ಕಂಡವರ ಪಾಲು ಎಂಬುದೂ ಉಂಟು. ಇನ್ನು ಯಾವ ರೂಪದಲ್ಲಿ ಉಳಿಯಿತು ಎಂಬುದಕ್ಕೆ ಅಡುಗೆಮನೆಯಿಂದ ‘ನುಚ್ಚುನೂರು’ ಬಂತು, ದಾರಿಯಿಂದ ‘ಧೂಳೀಪಟ’ ಬಂತು, ಕಟ್ಟಡದಿಂದ ‘ನೆಲಸಮ’ ಬಂತು. 19ನೇ ಗೇಟಿನ ಸುದ್ದಿಯನ್ನು ‘ಗೇಟು ನೀರುಪಾಲು’ ಎಂದು ಬರೆದಿದ್ದರೆ ಮೂರನೆಯ ಪದವೇ ಬೇಕಿರಲಿಲ್ಲ.

ಅದಾದ ಮೇಲೊಂದು ಮಳೆಗಾಲ ಕಾಕಾ ಅವರ ಮಾಳಿಗೆ ಮನೆಯ ಒಂದು ಗೋಡೆ ಬಿತ್ತು. ಅರ್ಜಿ ಬರೆಯಲು ನನ್ನ ಬಳಿ ಬಂದು, ‘ಮನೆ ನಾಶ ಅಂತ ಬರೆ’ ಎಂದರು. ಎಷ್ಟು ಗೋಡೆ ನಿಂತಿವೆ ಎಂದು ಕೇಳಿದೆ. ಮೂರು. ತೊಲೆಗಳು? ಎರಡು ಮುರಿದಿವೆ, ಉಳಿದವು ಗಟ್ಟಿ. ಹಾಗೆಯೇ ಬರೆದೆವು: ಪಡಸಾಲೆಯ ಉತ್ತರದ ಗೋಡೆ ಬುಡಸಮೇತ ಕುಸಿದಿದೆ, ಮಾಳಿಗೆಯ ಎರಡು ತೊಲೆ ಮುರಿದಿವೆ, ಆ ಭಾಗದಲ್ಲಿ ವಾಸ ಸಾಧ್ಯವಿಲ್ಲ. ಮಣ್ಣು ಎತ್ತುವ ಮೊದಲೇ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದೆವು. ಕಾಕಾ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಎರಡು ಸಲ ಓದಿದರು.

‘ದನದ ಕೊಟ್ಟಿಗೆ ಬಿಟ್ಟೆಯಲ್ಲಪ್ಪಾ’ ಎಂದರು, ‘ಅದರ ತಗಡು ಹಾರಿ ಹೋಗಿದೆ, ಅದನ್ನೂ ಸೇರಿಸು.’